ಕೊಕ್ಕೆ ತಂತಿಗೆ ಸಿಗದಿದ್ದರೆ: ಕಲ್ಪನೆಯ ನೌಕಾ ವಿಮಾನದಲ್ಲಿ ದೋಷ ಹುಡುಕುವ ಬಗೆ

ನನ್ನದೊಂದು ದೇಶವಿದೆ. ಹೆಸರು ತೆಂಕಣ. ಯಾವ ಭೂಪಟದಲ್ಲೂ ಸಿಗುವುದಿಲ್ಲ, ಅದು ಇರುವುದು ನನ್ನ ನೋಟ್‌ಬುಕ್ಕಿನಲ್ಲಿ ಮಾತ್ರ. ದ್ವೀಪದೇಶ, ದುಡ್ಡು ಕಡಿಮೆ, ಜಂಬ ಜಾಸ್ತಿ. ಅದಕ್ಕೊಂದು ವಿಮಾನವಾಹಕ ನೌಕೆ ಕೊಟ್ಟೆ. ನೌಕೆ ಕೊಟ್ಟ ಮೇಲೆ ವಿಮಾನ ಕೊಡಬೇಕಲ್ಲ? ಹಾಗೆ ಹುಟ್ಟಿದ್ದು 'ಕಡಲಹದ್ದು'. ಎರಡು ಎಂಜಿನ್, ಒಬ್ಬ ಪೈಲಟ್, ಎರಡು ಟನ್ ಬಾಂಬ್. ಶತ್ರು ವಿಮಾನವನ್ನೂ ಹೊಡೆಯಬೇಕು, ಹಡಗನ್ನೂ ಹೊಡೆಯಬೇಕು.

ಕಾಗದದ ಮೇಲೆ ಅದು ಚೆನ್ನಾಗಿಯೇ ಇತ್ತು. ಎಕ್ಸ್-ಪ್ಲೇನ್ ಸಿಮ್ಯುಲೇಟರ್ ಜೊತೆ ಬರುವ ಪ್ಲೇನ್ ಮೇಕರ್‌ನಲ್ಲಿ ಅದನ್ನು ಕಟ್ಟಿದೆ. ಹಡಗಿನ ಮೇಲೆ ಇಳಿಸಲು ಹೋದೆ. ಹಡಗಿನ ಮೇಲ್ಹಾಸಿಗೆ, ಅಂದರೆ ಡೆಕ್‌ಗೆ, ಅಡ್ಡಲಾಗಿ ತಂತಿ ಬಿಗಿದಿರುತ್ತಾರೆ. ವಿಮಾನದ ಬಾಲದಡಿಯ ಕೊಕ್ಕೆ ಅದನ್ನು ಹಿಡಿದರೇ ವಿಮಾನ ನಿಲ್ಲುವುದು. ಇಪ್ಪತ್ತು ಸಲ ಇಳಿಸಿದರೆ ಹದಿಮೂರು ಸಲ ಕೊಕ್ಕೆ ತಂತಿಗೆ ಸಿಗಲಿಲ್ಲ. ಕೊಕ್ಕೆಯದೇ ತಪ್ಪು ಅಂದುಕೊಂಡು ನಾಲ್ಕು ಸಂಜೆ ಕೊಕ್ಕೆಯನ್ನೇ ತಿದ್ದಿದೆ. ಉದ್ದ ಮಾಡಿದೆ, ಗಿಡ್ಡ ಮಾಡಿದೆ, ಹಿಂದಕ್ಕೆ ಸರಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ದೋಷ ಇದ್ದದ್ದು ಬೇರೆ ಕಡೆ. ಅದನ್ನು ಹುಡುಕಿದ ದಾರಿಯನ್ನೇ ಇಲ್ಲಿ ಬರೆದಿಟ್ಟಿದ್ದೇನೆ. ಕತೆಗೋ ಆಟಕ್ಕೋ ಸುಮ್ನೆ ಖುಷಿಗೋ ಇಂಥ ವಿಮಾನ ಕಟ್ಟುವವರಿಗೆ ಕೆಲಸಕ್ಕೆ ಬರಬಹುದು. ದೇಶ ಸುಳ್ಳಾದರೂ ಭೌತಶಾಸ್ತ್ರ ಸುಳ್ಳಲ್ಲ. ನಿಜವಾದ ವಿಮಾನಗಳಿಗೆ ಬಂದ ಕಾಯಿಲೆಗಳೇ ನಮ್ಮ ವಿಮಾನಕ್ಕೂ ಬರುತ್ತವೆ.

ವಿಮಾನ ಮುಟ್ಟುವ ಮೊದಲು ಹಡಗು ನೋಡಿ

ನೌಕಾ ವಿಮಾನದ ಅರ್ಧ ಭಾಗ ಹಡಗೇ. ಮೊದಲು ಒಂದು ಹಾಳೆಯಲ್ಲಿ ಹಡಗಿನ ಲೆಕ್ಕ ಬರೆದುಕೊಳ್ಳಿ. ಅದು ಎಷ್ಟು ವೇಗವಾಗಿ ಓಡುತ್ತದೆ? ವಿಮಾನ ಹಾರಿಸುವುದು ಕ್ಯಾಟಪಲ್ಟೋ (ವಿಮಾನವನ್ನು ಎಳೆದೆಸೆಯುವ ಯಂತ್ರ), ಸ್ಕೀ ಜಂಪೋ (ಮೇಲಕ್ಕೆ ಬಾಗಿದ ಡೆಕ್‌ನ ತುದಿ)? ತಂತಿಗಳು ಎಷ್ಟು, ಒಂದಕ್ಕೊಂದು ಎಷ್ಟು ದೂರ? ವಿಮಾನವನ್ನು ಡೆಕ್‌ನಿಂದ ಹಡಗಿನ ಒಳಕ್ಕೆ ಇಳಿಸುವ ಲಿಫ್ಟ್ ಎಷ್ಟು ಅಗಲ? ನನ್ನ ಹಡಗಿನದು ಹೀಗಿದೆ: 25 ನಾಟ್ ವೇಗ, ಸ್ಕೀ ಜಂಪ್, ಮೂರು ತಂತಿ, ತಂತಿಗಳ ನಡುವೆ 12 ಮೀಟರ್. ಹೆಚ್ಚುಕಡಿಮೆ ನಮ್ಮ ಐಎನ್ಎಸ್ ವಿಕ್ರಮಾದಿತ್ಯದ ಮಾದರಿ. ಕಾರವಾರದ ನೌಕಾನೆಲೆಯಲ್ಲಿ ಬೀಡುಬಿಡುವ ಹಡಗು ಅದು. ಮೂರು ತಂತಿ, 14 ಡಿಗ್ರಿಯಷ್ಟು ಏರಿದ ಸ್ಕೀ ಜಂಪ್.

ಇದರಲ್ಲಿ ಎಲ್ಲರೂ ಮರೆಯುವುದು ಹಡಗಿನ ವೇಗವನ್ನು. 25 ನಾಟ್ ಅಂದರೆ ಗಂಟೆಗೆ ಸುಮಾರು 45 ಕಿ.ಮೀ. ಹಡಗು ಆ ವೇಗದಲ್ಲಿ ಓಡಿದರೆ, ಗಾಳಿಯೇ ಇಲ್ಲದ ದಿನವೂ ಡೆಕ್ ಮೇಲೆ ಅಷ್ಟು ಗಾಳಿ ಬೀಸುತ್ತದೆ. ವಿಮಾನ ಗಂಟೆಗೆ 260 ಕಿ.ಮೀ.ನಲ್ಲಿ ಬಂದರೂ ತಂತಿಗೆ ಕಾಣುವುದು 215 ಮಾತ್ರ. ಆ 45 ಪುಕ್ಕಟೆ ಸಿಕ್ಕಿದ್ದು. ಅದು ಹೋದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮದೇ ಹಳೆಯ ಐಎನ್ಎಸ್ ವಿಕ್ರಾಂತ್ ಇದೆ. 1971ರ ಯುದ್ಧದ ಹೊತ್ತಿಗೆ ಅದರ ಒಂದು ಬಾಯ್ಲರ್‌ನಲ್ಲಿ ಬಿರುಕು ಬಿಟ್ಟಿತ್ತು. ಪೂರ್ತಿ ವೇಗದಲ್ಲಿ ಓಡುವ ಹಾಗಿರಲಿಲ್ಲ. ಹಾಗಿದ್ದರೂ ಅದನ್ನು ಬಂಗಾಳಕೊಲ್ಲಿಗೆ ಕಳಿಸಿದರು. ಅದರ ಸೀ ಹಾಕ್ ವಿಮಾನಗಳು ಚಿತ್ತಗಾಂಗ್, ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದವು. ವಿಮಾನದಲ್ಲಿ ಏನೂ ಕೆಟ್ಟಿರಲಿಲ್ಲ, ಕೆಟ್ಟಿದ್ದು ಹಡಗಿನ ಹೊಟ್ಟೆಯಲ್ಲಿದ್ದ ಬಾಯ್ಲರ್. ಆದರೂ ಪ್ರತಿ ಹಾರಾಟದ ಲೆಕ್ಕವನ್ನು ಅದರ ಪ್ರಕಾರವೇ ಹಾಕಬೇಕಾಯಿತು.

ತಂತಿಯನ್ನೂ ಅನುಮಾನಿಸಿ. 2016ರ ಕೊನೆಯಲ್ಲಿ ರಷ್ಯಾದ ಕುಜ್ನೆತ್ಸೋವ್ ಹಡಗು ಸಿರಿಯಾ ಕರಾವಳಿಗೆ ಹೋಗಿತ್ತು. ಕೆಲವೇ ವಾರಗಳಲ್ಲಿ ಎರಡು ವಿಮಾನ ಸಮುದ್ರ ಸೇರಿದವು. ಒಂದು ಮಿಗ್-29ಕೆ, ಇನ್ನೊಂದು ಸು-33. ಎರಡೂ ಸಲ ತೊಂದರೆ ಶುರುವಾಗಿದ್ದು ತಂತಿಯ ವ್ಯವಸ್ಥೆಯಲ್ಲಿ. ಸು-33 ಸರಿಯಾಗಿಯೇ ಇಳಿದಿತ್ತು, ತಂತಿ ಕಿತ್ತುಹೋಯಿತು.

ಅದೇ ವರ್ಷದ ಮಾರ್ಚ್‌ನಲ್ಲಿ ಅಮೆರಿಕದ ಐಸೆನ್‌ಹೋವರ್ ಹಡಗಿನಲ್ಲಿ ಆದದ್ದು ಇನ್ನೂ ಪಾಠವಾಗುವಂಥದ್ದು. ಒಂದು ಇ-2ಸಿ ಹಾಕ್‌ಐ ಇಳಿದು ತಂತಿ ಹಿಡಿಯಿತು. ತಂತಿ ತುಂಡಾಗಿ ಡೆಕ್ ಮೇಲೆ ಚಾಟಿಯ ಹಾಗೆ ಬೀಸಿತು. 8 ನಾವಿಕರಿಗೆ ಗಾಯವಾಯಿತು. ವಿಮಾನ ಡೆಕ್‌ನ ಅಂಚಿನಿಂದ ಕೆಳಗೆ ಜಾರಿತು. ಇನ್ನೇನು ನೀರಿಗೆ ಬಿತ್ತು ಅನ್ನುವಷ್ಟರಲ್ಲಿ ಮೇಲೆದ್ದು ಹಾರಿಹೋಯಿತು. ತನಿಖೆಯಲ್ಲಿ ಸಿಕ್ಕ ಕಾರಣ ಏನು ಗೊತ್ತಾ? ಅದಕ್ಕೂ ಮೊದಲು ಆ ತಂತಿಯ ಯಂತ್ರದಲ್ಲಿ ದೋಷ ಕಾಣಿಸಿತ್ತು. ಅದನ್ನು ಸರಿಮಾಡುವಾಗ ಒಂದು ಮುಖ್ಯ ಹಂತ ಬಿಟ್ಟುಹೋಗಿತ್ತು. ದೋಷ ನಿವಾರಣೆಯೇ ದೋಷವಾಯಿತು.

ಅದಕ್ಕೇ ಈ ಕೆಲಸಕ್ಕೆ ನಾನು ಇಟ್ಟುಕೊಂಡಿರುವುದು ಒಂದೇ ಕಟ್ಟುನಿಟ್ಟು: ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಡಿದ್ದನ್ನು ಬರೆದಿಡಬೇಕು. ಹತ್ತು ಸಲವಾದರೂ ಇಳಿಸಿ ನೋಡಬೇಕು. ಆ ನಾಲ್ಕು ಸಂಜೆ ನಾನು ಇದ್ಯಾವುದನ್ನೂ ಮಾಡಿರಲಿಲ್ಲ.

ಲಕ್ಷಣ: ಕೊಕ್ಕೆ ತಂತಿ ಹಿಡಿಯುವುದಿಲ್ಲ

ನೆಲದ ಮೇಲೆ ಇಳಿಯುವ ಪೈಲಟ್ ಕೊನೆಯಲ್ಲಿ ಮೂಗನ್ನು ಸ್ವಲ್ಪ ಎತ್ತಿ ಮೆಲ್ಲಗೆ ಚಕ್ರ ಊರುತ್ತಾನೆ. ಹಡಗಿನ ಮೇಲೆ ಅಂಥ ನಾಜೂಕಿಲ್ಲ. ಸುಮಾರು 3.5 ಡಿಗ್ರಿ ಇಳಿಜಾರಿನಲ್ಲಿ ಬಂದು ಹಾಗೇ ಡೆಕ್‌ಗೆ ಬಡಿಯಬೇಕು. ಬಡಿದ ತಕ್ಷಣ ಎಂಜಿನ್ನಿಗೆ ಪೂರ್ತಿ ಶಕ್ತಿ ಕೊಡಬೇಕು. ನಿಲ್ಲಬೇಕಾದಾಗ ಪೂರ್ತಿ ಶಕ್ತಿಯೇ ಅಂತ ಮೊದಲ ಸಲ ಕೇಳಿದವರಿಗೆ ವಿಚಿತ್ರ ಅನಿಸುತ್ತದೆ. ತಂತಿ ಸಿಗದಿದ್ದರೆ ಮತ್ತೆ ಹಾರಬೇಕಲ್ಲ, ಅದಕ್ಕೆ. ಹಾಗೆ ತಪ್ಪಿಸಿಕೊಂಡು ಹಾರುವುದಕ್ಕೆ ಬೋಲ್ಟರ್ ಅನ್ನುತ್ತಾರೆ. ಡೆಕ್ಕನ್ನು ಓರೆಯಾಗಿ ಕಟ್ಟಿದ ಮೇಲೆಯೇ ಇದು ನಿರಪಾಯವಾಗಿ ಸಾಧ್ಯವಾದದ್ದು. 1950ರ ದಶಕದ ಶುರುವಿನಲ್ಲಿ ಬ್ರಿಟಿಷರಿಗೆ ಹೊಳೆದ ಉಪಾಯ ಅದು. ಅದಕ್ಕೂ ಮೊದಲು ತಂತಿ ತಪ್ಪಿದರೆ ಮುಂದೆ ಕಟ್ಟಿದ ಬಲೆಗೋ, ನಿಲ್ಲಿಸಿದ ಬೇರೆ ವಿಮಾನಗಳಿಗೋ ಹೋಗಿ ಗುದ್ದಬೇಕಿತ್ತು.

ದೋಷ ಹುಡುಕಲು ಮೊದಲು ರೀಪ್ಲೇ ಹಾಕಿ. ನಿಧಾನಗತಿಯಲ್ಲಿ, ಪಕ್ಕದಿಂದ ನೋಡಿ. ನೋಡಬೇಕಾದ್ದು ಒಂದೇ: ಚಕ್ರ ಡೆಕ್ ಮುಟ್ಟಿದ್ದು ಎಲ್ಲಿ? ಅದರ ಮೇಲೆ ದಾರಿ ಮೂರಾಗಿ ಕವಲೊಡೆಯುತ್ತದೆ.

ಚಕ್ರ ತಂತಿಗಳ ಹಿಂದೆಯೇ ಮುಟ್ಟಿತು, ಕೊಕ್ಕೆ ಡೆಕ್ಕನ್ನು ಉಜ್ಜುತ್ತಾ ಹೋಯಿತು, ಆದರೂ ತಂತಿ ಸಿಗಲಿಲ್ಲ ಅಂದರೆ ನಿಜವಾಗಿಯೂ ಕೊಕ್ಕೆಯದೇ ದೋಷ. ಇದಕ್ಕೆ ದೊಡ್ಡ ಉದಾಹರಣೆ ಅಮೆರಿಕದ ನೌಕಾ ಯುದ್ಧವಿಮಾನ ಎಫ್-35ಸಿ. 2011ರಲ್ಲಿ ನ್ಯೂಜೆರ್ಸಿಯ ಲೇಕ್‌ಹರ್ಸ್ಟ್‌ನಲ್ಲಿ, ನೆಲದ ಮೇಲೆ ಚಾಚಿದ ತಂತಿಯ ಮೇಲೆ ಅದನ್ನು ಓಡಿಸಿ ನೋಡಿದರು. 8 ಸಲವೂ ಕೊಕ್ಕೆ ತಂತಿ ಹಿಡಿಯಲಿಲ್ಲ. ರೇಡಾರಿಗೆ ಕಾಣಬಾರದು ಅಂತ ಕೊಕ್ಕೆಯನ್ನು ವಿಮಾನದ ಹೊಟ್ಟೆಯೊಳಗೆ ಮುಚ್ಚಿಟ್ಟಿದ್ದರು. ಅದರಿಂದ ಮುಖ್ಯ ಚಕ್ರಕ್ಕೂ ಕೊಕ್ಕೆಗೂ ನಡುವಿನ ದೂರ ಬರೀ 2 ಮೀಟರ್ ಚಿಲ್ಲರೆಗೆ ಇಳಿದಿತ್ತು. ಹಳೆಯ ಎಫ್-18ರಲ್ಲಿ ಅದು ಐದೂವರೆ ಮೀಟರ್. ಚಕ್ರ ತಂತಿಯನ್ನು ತುಳಿದಾಗ ತಂತಿ ಡೆಕ್‌ಗೆ ಅಂಟಿಕೊಳ್ಳುತ್ತದೆ, ಆಮೇಲೆ ಪುಟಿದೇಳುತ್ತದೆ. ಎಫ್-35ಸಿಯಲ್ಲಿ ತಂತಿ ಏಳುವ ಮೊದಲೇ ಕೊಕ್ಕೆ ದಾಟಿ ಹೋಗುತ್ತಿತ್ತು. ಕೊಕ್ಕೆಯ ತುದಿಯ ಆಕಾರ ಬದಲಿಸಿದರು, ಅದನ್ನು ಕೆಳಕ್ಕೆ ಒತ್ತಿ ಹಿಡಿಯುವ ಡ್ಯಾಂಪರ್ ಸರಿಮಾಡಿದರು. 2014ರ ನವೆಂಬರ್ 3ರಂದು ಅದು ನಿಮಿಟ್ಜ್ ಹಡಗಿನ ಮೇಲೆ ಇಳಿಯಿತು. ನಿಮ್ಮ ವಿಮಾನಕ್ಕೂ ಬಾಲವೇ ಇಲ್ಲದ ಸೊಗಸಾದ ಸ್ಟೆಲ್ತ್ ಆಕಾರ ಕೊಟ್ಟಿದ್ದರೆ ಟೇಪು ಹಿಡಿದು ಮೊದಲು ಈ ದೂರ ಅಳೆಯಿರಿ.

ಎರಡನೆಯದು: ಚಕ್ರ ಸರಿಯಾದ ಜಾಗದಲ್ಲೇ ಮುಟ್ಟಿತು, ಆದರೆ ವಿಮಾನ ಚೆಂಡಿನಂತೆ ಪುಟಿಯಿತು. ಆಗ ದೋಷ ಲ್ಯಾಂಡಿಂಗ್ ಗೇರಿನ, ಅಂದರೆ ಚಕ್ರದ ಕಾಲುಗಳ, ಶಾಕ್ ಅಬ್ಸಾರ್ಬರ್‌ನದು. ಎರಡನೇ ಮಹಾಯುದ್ಧದ ಎಫ್4ಯು ಕೋರ್ಸೇರ್‌ಗೆ ಇದೇ ರೋಗವಿತ್ತು. ಜೊತೆಗೆ ವೇಗ ಇಳಿದಾಗ ಎಡರೆಕ್ಕೆ ಮೊದಲು ಕುಸಿಯುತ್ತಿತ್ತು. ಅಮೆರಿಕದ ನೌಕಾಪಡೆ ಅದನ್ನು ಮೊದಲು ನೆಲದಿಂದ ಹಾರಲು ಮರೀನ್ ಪಡೆಗೆ ಕೊಟ್ಟುಬಿಟ್ಟಿತು. ಆಮೇಲೆ ಬಲರೆಕ್ಕೆಯ ಮುಂಚೂಣಿಗೆ ಒಂದು ಚಿಕ್ಕ ಪಟ್ಟಿ ಅಂಟಿಸಿದರು. ಎರಡೂ ರೆಕ್ಕೆ ಒಟ್ಟಿಗೆ ಕುಸಿಯಲಿ ಅಂತ! ಕೆಟ್ಟ ರೆಕ್ಕೆಯನ್ನು ಒಳ್ಳೆಯದು ಮಾಡಲಿಲ್ಲ, ಒಳ್ಳೆಯ ರೆಕ್ಕೆಯನ್ನು ಅದರ ಮಟ್ಟಕ್ಕೆ ಇಳಿಸಿದರು. ನನಗೆ ಬಹಳ ಇಷ್ಟವಾದ ರಿಪೇರಿ ಇದು. ಗೇರನ್ನೂ ತಿದ್ದಿದರು. 1944ರ ಏಪ್ರಿಲ್‌ನಲ್ಲಿ ಅದು ಅಮೆರಿಕದ ಹಡಗುಗಳಿಗೆ ಮರಳಿತು. ಬ್ರಿಟಿಷರು ಅದಕ್ಕೂ ಮೊದಲೇ ತಮ್ಮ ಹಡಗುಗಳಿಂದ ಹಾರಿಸುತ್ತಿದ್ದರು.

ಮೂರನೆಯದು ನನ್ನ ಪಾಲಿಗೆ ಬಂದದ್ದು. ಚಕ್ರವೇ ಮುಂದೆ ಹೋಗಿ ಮುಟ್ಟುತ್ತಿತ್ತು. ಹಾಗಾದರೆ ಕೊಕ್ಕೆ ನಿರಪರಾಧಿ. ವಿಮಾನ ಬರುವ ರೀತಿಯಲ್ಲೇ ಏನೋ ಇದೆ.

ಲಕ್ಷಣ: ವೇಗ ಜಾಸ್ತಿ, ಮೂಗು ತಗ್ಗು

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಹೆದರಬೇಡಿ, ಕ್ಯಾಲ್ಕ್ಯುಲೇಟರ್ ಸಾಕು. ಇಳಿಯುವಾಗಿನ ವೇಗವನ್ನು ಮೂರು ಸಂಗತಿ ಸೇರಿ ತೀರ್ಮಾನಿಸುತ್ತವೆ: ಆಗಿನ ತೂಕ, ರೆಕ್ಕೆಯ ಅಳತೆ, ರೆಕ್ಕೆ ಎಷ್ಟು ಎತ್ತುವ ಬಲ ಕೊಡಬಲ್ಲದು ಅನ್ನುವ ಗುಣಾಂಕ. ಕಡಲಹದ್ದಿನ ಖಾಲಿ ತೂಕ 11.5 ಟನ್. ಬಳಸದೆ ವಾಪಸ್ ತಂದ ಬಾಂಬ್ 2 ಟನ್. ಉಳಿದ ಇಂಧನ 1.5 ಟನ್. ಒಟ್ಟು 15 ಟನ್. ರೆಕ್ಕೆ 38 ಚದರ ಮೀಟರ್. ಗುಣಾಂಕ 1.2 ಅಂತ ಹಿಡಿದರೆ ವೇಗ ಗಂಟೆಗೆ ಸುಮಾರು 261 ಕಿ.ಮೀ. ಬರುತ್ತದೆ. ಆಗ ಮೂಗು 12 ಡಿಗ್ರಿ ಮೇಲಕ್ಕೆ ನೋಡುತ್ತಿರಬೇಕು.

ಇಲ್ಲೊಂದು ಎಚ್ಚರ. ಬಳಸದ ಬಾಂಬನ್ನು ಲೆಕ್ಕಕ್ಕೆ ಸೇರಿಸುವುದನ್ನು ಬಹಳ ಜನ ಮರೆಯುತ್ತಾರೆ. ಗುರಿ ಸಿಗಲಿಲ್ಲ ಅಂದರೆ ಬಾಂಬ್ ವಾಪಸ್ ಬರುತ್ತದೆ. ಬಡ ದೇಶ ಪ್ರತಿ ಸಲ ದುಬಾರಿ ಕ್ಷಿಪಣಿಯನ್ನು ಸಮುದ್ರಕ್ಕೆ ಚೆಲ್ಲಿ ಇಳಿಯುವುದಕ್ಕಾಗುತ್ತದಾ? ಯುದ್ಧವಿಮಾನಕ್ಕಿಂತ ದಾಳಿ ವಿಮಾನಕ್ಕೆ ಈ ತೊಂದರೆ ಜಾಸ್ತಿ.

ನನ್ನ ಲಾಗ್ (ಪ್ರತಿ ಇಳಿಕೆಯ ದಾಖಲೆ) ನೋಡಿದರೆ ಪ್ರತಿ ಬೋಲ್ಟರ್‌ನಲ್ಲೂ ವೇಗ 285ರ ಆಸುಪಾಸು ಇತ್ತು. ಮೂಗು 8.5 ಡಿಗ್ರಿ. ಅಂದರೆ ಮೂರೂವರೆ ಡಿಗ್ರಿ ತಗ್ಗು. ಇದರಿಂದ ಎರಡು ಪೆಟ್ಟು. ಒಂದು, ಡೆಕ್‌ನ ಗಾಳಿ ಕಳೆದರೆ ತಂತಿಗೆ ಬರುವ ವೇಗ 216ರ ಬದಲು 240. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ತಂತಿ ಸುಮಾರು 23% ಜಾಸ್ತಿ ಎಳೆತ ನುಂಗಬೇಕು. ಇನ್ನೊಂದು ಪೆಟ್ಟು ನನಗೆ ಹೊಳೆದೇ ಇರಲಿಲ್ಲ. ಕೊಕ್ಕೆ ಚಕ್ರಕ್ಕಿಂತ 5 ಮೀಟರ್ ಹಿಂದಿದೆ. ಮೂಗು ಮೂರೂವರೆ ಡಿಗ್ರಿ ತಗ್ಗಿದರೆ ಬಾಲ ಅಷ್ಟೇ ಏರುತ್ತದೆ. ಕೊಕ್ಕೆ 30 ಸೆಂಟಿಮೀಟರ್ ಮೇಲಕ್ಕೆ ಹೋಗುತ್ತದೆ. ತಂತಿ ಡೆಕ್‌ನಿಂದ ಮೇಲಿರುವುದು ಗೇಣಿಗಿಂತ ಕಡಿಮೆ. ಇಳಿಜಾರು 3.5 ಡಿಗ್ರಿ ಇರುವಾಗ ಎತ್ತರದಲ್ಲಿ 30 ಸೆಂಟಿಮೀಟರ್ ತಪ್ಪಿದರೆ ಉದ್ದದಲ್ಲಿ 5 ಮೀಟರ್ ತಪ್ಪುತ್ತದೆ. ತಂತಿಯಿಂದ ತಂತಿಗೆ 12 ಮೀಟರ್ ಅಷ್ಟೇ. ಮಧ್ಯದ ತಂತಿಗೆ ಗುರಿಯಿಟ್ಟವನು ಚೂರು ತಡಬಡಾಯಿಸಿದರೂ ಮೂರನೆಯದನ್ನೂ ದಾಟಿಬಿಡುತ್ತಾನೆ.

ವೇಗ ಯಾಕೆ ಜಾಸ್ತಿ ಅಂದರೆ ಸಾಮಾನ್ಯವಾಗಿ ಸಿಗುವ ಉತ್ತರ, ರೆಕ್ಕೆ ಚಿಕ್ಕದು. ನೆಲದಿಂದ ಹಾರುವ ಎಫ್-35ಎಗೆ ರೆಕ್ಕೆ 42.7 ಚದರ ಮೀಟರ್. ಹಡಗಿನ ಎಫ್-35ಸಿಗೆ 62. ಒಂದೇ ವಿಮಾನದ ಎರಡು ರೂಪ, ರೆಕ್ಕೆ ಮಾತ್ರ ಒಂದೂವರೆ ಪಟ್ಟು. ನಮ್ಮ ಬೆಂಗಳೂರಿನಲ್ಲಿ ತೇಜಸ್ ವಿಮಾನದ ನೌಕಾ ರೂಪ ಮಾಡಿದಾಗ ರೆಕ್ಕೆ ಹಿಗ್ಗಿಸುವ ದಾರಿ ಹಿಡಿಯಲಿಲ್ಲ. ರೆಕ್ಕೆಯ ಬುಡದಲ್ಲಿ ಮುಂದಕ್ಕೆ ಚಾಚಿದ, ಮೇಲೆ ಕೆಳಗೆ ಆಡುವ ಲೆವ್‌ಕಾನ್ ಅನ್ನುವ ಹಲಗೆ ಸೇರಿಸಿದರು. ಇಳಿಯುವ ವೇಗ ತಗ್ಗಿಸುವುದಕ್ಕೇ ಅದು.

ನಾನೂ ರೆಕ್ಕೆ ದೊಡ್ಡದು ಮಾಡಲು ಹೊರಟಿದ್ದೆ. ಕೈ ತಡೆದದ್ದು ಆ ಲಾಗ್‌ನಲ್ಲೇ ಇದ್ದ ಇನ್ನೊಂದು ಅಂಕಿ. ತಂತಿ ಹಿಡಿದ ಏಳು ಸಲವೂ ವೇಗ 265ರ ಒಳಗೇ ಇತ್ತು. ಅಂದರೆ ವಿಮಾನ 261ರಲ್ಲಿ ಹಾರಬಲ್ಲದು. ಅದನ್ನು 285ಕ್ಕೆ ಒಯ್ಯುತ್ತಿದ್ದವನು ನಾನು. ಯಾಕೆ?

ಲಕ್ಷಣ: ಪೈಲಟ್ಟಿಗೆ ಡೆಕ್ ಕಾಣುವುದಿಲ್ಲ

ಕಾಕ್‌ಪಿಟ್ ನೋಟಕ್ಕೆ ಬದಲಿಸಿ ಮತ್ತೆ ಇಳಿಸಿದೆ. ಉತ್ತರ ಅಲ್ಲೇ ಇತ್ತು. ಮೂಗು 12 ಡಿಗ್ರಿ ಎತ್ತಿದಾಗ ಹಡಗು ಮೂಗಿನ ಹಿಂದೆ ಮಾಯವಾಗುತ್ತಿತ್ತು. ಹಡಗು ಕಾಣಲಿ ಅಂತ ನನಗೇ ಗೊತ್ತಿಲ್ಲದೆ ವಿಮಾನ ನಡೆಸುವ ಕೋಲನ್ನು ಸ್ವಲ್ಪ ಮುಂದಕ್ಕೆ ತಳ್ಳುತ್ತಿದ್ದೆ. ಮೂಗು ತಗ್ಗುತ್ತಿತ್ತು, ವೇಗ ಏರುತ್ತಿತ್ತು, ಕೊಕ್ಕೆ ಮೇಲೇಳುತ್ತಿತ್ತು.

ಲೆಕ್ಕ ಸುಲಭ. ವಿಮಾನ 3.5 ಡಿಗ್ರಿ ಕೆಳಕ್ಕೆ ಬರುತ್ತಿದೆ, ಮೂಗು 12 ಡಿಗ್ರಿ ಮೇಲಕ್ಕಿದೆ. ಎರಡನ್ನೂ ಕೂಡಿಸಿದರೆ 15.5. ಪೈಲಟ್ಟಿನ ಕಣ್ಣಿಗೆ ಮೂಗಿನ ಮೇಲಿಂದ ಕನಿಷ್ಠ ಅಷ್ಟು ಡಿಗ್ರಿ ಕೆಳಕ್ಕೆ ಕಾಣಬೇಕು. ಕಡಲಹದ್ದಿನಲ್ಲಿ ಕಾಣುತ್ತಿದ್ದದ್ದು ಬರೀ 12. 12ರಲ್ಲಿ 3.5 ಕಳೆಯಿರಿ. 8.5! ಲಾಗ್‌ನಲ್ಲಿ ಇದ್ದದ್ದೂ ಅದೇ 8.5. ಆ ಸಂಜೆ ಕಾಫಿ ಆರಿಹೋಗುವವರೆಗೂ ಅದನ್ನೇ ನೋಡುತ್ತಾ ಕೂತಿದ್ದೆ. ಬಾಲದಲ್ಲಿ ನೋವು, ಗಾಯ ಮೂಗಿನಲ್ಲಿ. ಒಳ್ಳೆಯ ರೇಡಾರ್ ಇರಲಿ ಅಂತ 70 ಸೆಂಟಿಮೀಟರ್ ಅಗಲದ ಆಂಟೆನಾ ತುರುಕಿದ್ದೆ. ಅದಕ್ಕೆ ಮೂಗು ದಪ್ಪಗೆ, ಉದ್ದಕ್ಕೆ ಬೆಳೆದಿತ್ತು.

ಇದು ಹಳೆಯ ರೋಗವೇ. ಕೋರ್ಸೇರ್‌ನ ಉದ್ದ ಮೂಗಿನ ಹಿಂದಿನಿಂದ ಹಡಗು ಕಾಣುತ್ತಿರಲಿಲ್ಲ. ಬ್ರಿಟಿಷ್ ಪೈಲಟ್‌ಗಳು ನೇರ ಬರುವ ಬದಲು ಕೊನೆಯವರೆಗೂ ಬಾಗಿದ ದಾರಿಯಲ್ಲಿ, ಪಕ್ಕದಿಂದ ಹಡಗು ನೋಡುತ್ತಾ ಬಂದರು. ಎಫ್-8 ಕ್ರುಸೇಡರ್ ಕಟ್ಟಿದವರದು ಇನ್ನೂ ಧೈರ್ಯದ ಉಪಾಯ. ಮೂಗನ್ನು ಎತ್ತುವ ಬದಲು ರೆಕ್ಕೆಯನ್ನೇ 7 ಡಿಗ್ರಿ ಎತ್ತಿದರು. ಒಡಲು ಮಟ್ಟವಾಗೇ ಇರುತ್ತದೆ, ಪೈಲಟ್ಟಿಗೆ ಎಲ್ಲ ಕಾಣುತ್ತದೆ. ಆದರೆ ಆ ರೆಕ್ಕೆ ತಿರುಗಿಸುವ ಯಂತ್ರಕ್ಕೂ ತೂಕ ಉಂಟಲ್ಲ. ತೇಜಸ್‌ನ ನೌಕಾ ರೂಪದಲ್ಲಿ ಮೂಗನ್ನು ಕೆಳಕ್ಕೆ ಬಾಗಿಸಿದರು. ಬಡ ತೆಂಕಣಕ್ಕೆ ಹೊಂದುವುದು ಇದೇ ಅನಿಸಿತು.

ಹಾಗಾಗಿ ನನ್ನ ಸಲಹೆ: ವೇಗದ ದೋಷ ಕಂಡರೆ ರೆಕ್ಕೆ ಬದಲಿಸುವ ಮೊದಲು ಕಾಕ್‌ಪಿಟ್‌ನಲ್ಲಿ ಕೂತು ನೋಡಿ. ಹೊರಗಿನ ಕ್ಯಾಮೆರಾದಿಂದ ವಿಮಾನ ಎಷ್ಟು ಚೆಂದ ಕಂಡರೂ ಅದನ್ನು ಇಳಿಸುವವನು ಒಳಗಿರುತ್ತಾನೆ.

ಲಕ್ಷಣ: ಗೇರ್ ಮುರಿಯುತ್ತದೆ, ಅಥವಾ ಬಾಲ ಕಿತ್ತುಬರುತ್ತದೆ

ನಾಗರಿಕ ವಿಮಾನದ ಗೇರ್ ತಾಳಬೇಕಾದ್ದು ಸೆಕೆಂಡಿಗೆ ಸುಮಾರು 3 ಮೀಟರ್ ವೇಗದ ಪೆಟ್ಟು. ಹಡಗಿನ ವಿಮಾನಕ್ಕೆ 6-7 ಮೀಟರ್ ತಾಳಬೇಕು. ಡೆಕ್ ಅಲೆಗೆ ಮೇಲೇಳುವ ಹೊತ್ತಿಗೇ ವಿಮಾನ ಕೆಳಗಿಳಿದರೆ ಎರಡೂ ವೇಗ ಕೂಡಿಕೊಳ್ಳುತ್ತವೆ. ವೇಗ ಎರಡು ಪಟ್ಟಾದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟು.

ನೆಲದ ವಿಮಾನಕ್ಕೆ ಕೊಕ್ಕೆ ಸಿಕ್ಕಿಸಿ ನೌಕಾ ವಿಮಾನ ಅಂತ ಕರೆದವರಿಗೆಲ್ಲ ಇಲ್ಲಿ ಶಾಸ್ತಿಯಾಗಿದೆ. ಸ್ಪಿಟ್‌ಫೈರ್‌ನಿಂದ ಮಾಡಿದ ಸೀಫೈರ್ ನೋಡಿ. ಗಾಳಿಯಲ್ಲಿ ಅದ್ಭುತ, ಡೆಕ್ ಮೇಲೆ ಗಾಜಿನ ಗೊಂಬೆ. ಗೇರ್ ಕಿರಿದು, ಒಡಲು ಸೂಕ್ಷ್ಮ, ಮೂಗು ಉದ್ದ. 1943ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಸಲೆರ್ನೊ ಬಳಿ ಚಿಕ್ಕ ನಿಧಾನದ ಹಡಗುಗಳಿಂದ ಅವನ್ನು ಹಾರಿಸಿದರು. ಗಾಳಿಯೂ ಬಿದ್ದುಹೋಗಿತ್ತು. ಶತ್ರುವಿಗಿಂತ ಜಾಸ್ತಿ ಸೀಫೈರ್‌ಗಳನ್ನು ಡೆಕ್ಕೇ ನುಂಗಿತು.

ಗೇರ್ ಗಟ್ಟಿ ಮಾಡಿದರೆ ತೂಕ ಏರುತ್ತದೆ. ಬರೀ ಗೇರಿನದಲ್ಲ, ಆ ಪೆಟ್ಟು ಹೋಗಿ ಸೇರುವ ಒಡಲಿನದೂ. ತೇಜಸ್‌ನ ನೌಕಾ ಮಾದರಿ 2012ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿತು. ಗೇರ್ ಬೇಕಾದ್ದಕ್ಕಿಂತ ಭಾರವಾಯಿತು ಅನ್ನುವುದು ಅದರ ಮೊದಲ ದಿನಗಳ ದೊಡ್ಡ ತಲೆನೋವು. 2016ರ ಕೊನೆಗೆ ನೌಕಾಪಡೆ, ಈ ವಿಮಾನ ತನ್ನ ಹಡಗಿಗೆ ಭಾರ, ಸೇವೆಗೆ ತೆಗೆದುಕೊಳ್ಳುವುದಿಲ್ಲ ಅಂತ ಹೇಳಿಬಿಟ್ಟಿತು. ಪರೀಕ್ಷೆ ಮಾತ್ರ ನಿಲ್ಲಲಿಲ್ಲ. ಗೋವಾದ ಐಎನ್ಎಸ್ ಹಂಸದಲ್ಲಿ ನೆಲದ ಮೇಲೇ ಸ್ಕೀ ಜಂಪ್ ಮತ್ತು ತಂತಿ ಕಟ್ಟಿದ್ದಾರೆ. ಅಲ್ಲಿ ತಂತಿ ಹಿಡಿದು ಇಳಿದದ್ದು 2019ರ ಸೆಪ್ಟೆಂಬರ್‌ನಲ್ಲಿ. ವಿಕ್ರಮಾದಿತ್ಯದ ಮೇಲೆ 2020ರ ಜನವರಿ 11ರಂದು. ಸೇವೆಗೆ ಹೋಗದ ವಿಮಾನಕ್ಕೆ ಇಷ್ಟೆಲ್ಲ ಯಾಕೆ ಅಂತ ಕೇಳಿದವರಿದ್ದಾರೆ. ನನಗಂತೂ ಅದು ಸರಿಯಾದ ಕೆಲಸವಾಗಿಯೇ ಕಾಣುತ್ತದೆ. ಮುಂದಿನ ಎರಡು ಎಂಜಿನ್ನಿನ ವಿಮಾನಕ್ಕೆ ಬೇಕಾದ ಅಂಕಿಗಳು ಬೇರೆಲ್ಲೂ ಸಿಗುವುದಿಲ್ಲ. ನಿಮ್ಮ ಕಲ್ಪನೆಯ ದೇಶಕ್ಕೂ ಇಂಥದ್ದೊಂದು ಸೋತ ಮಾದರಿ ಕೊಡಿ, ಕತೆಗೆ ಜೀವ ಬರುತ್ತದೆ.

ನನ್ನ ಕಡಲಹದ್ದಿನ ನೆಲದ ರೂಪ 10 ಟನ್ ಇತ್ತು. ಗೇರ್, ಕೊಕ್ಕೆ, ರೆಕ್ಕೆ ಮಡಚುವ ಕೀಲು ಎಲ್ಲ ಸೇರಿ ಒಂದೂವರೆ ಟನ್ ಸೇರಿಸಿದೆ. ಹುಟ್ಟಿನಿಂದಲೇ ಹಡಗಿಗೆ ಅಂತ ಯೋಚಿಸಿದ ವಿಮಾನಕ್ಕೆ ಇದಕ್ಕಿಂತ ಕಡಿಮೆ ಸಾಕು. ಫ್ರಾನ್ಸಿನ ರಫೇಲ್‌ನಲ್ಲಿ ನೆಲದ ರೂಪಕ್ಕೂ ನೌಕಾ ರೂಪಕ್ಕೂ ವ್ಯತ್ಯಾಸ ಸುಮಾರು ಅರ್ಧ ಟನ್.

ಲಕ್ಷಣ: ಹಾರುವಾಗ ನೀರಿನ ಕಡೆ ಕುಸಿಯುತ್ತದೆ

ಕ್ಯಾಟಪಲ್ಟ್ ಇದ್ದರೆ ಮೊದಲು ಅದರ ಉದ್ದ ನೋಡಿ. ಫ್ರಾನ್ಸಿನ ಶಾರ್ಲ್ ದ ಗಾಲ್ ಹಡಗಿನದು 75 ಮೀಟರ್, ಅಮೆರಿಕದ ದೊಡ್ಡ ಹಡಗುಗಳದು 90 ಮೀಟರಿಗಿಂತ ಉದ್ದ. ಚಿಕ್ಕ ಹಡಗಿಗೆ ಉದ್ದ ಕ್ಯಾಟಪಲ್ಟ್ ಕೊಟ್ಟಿದ್ದರೆ ಅಲ್ಲಿಗೇ ಸುಳ್ಳು ಹಿಡಿದಂತಾಯಿತು.

ಸ್ಕೀ ಜಂಪ್ ಆದರೆ ತಳ್ಳುವವರು ಯಾರೂ ಇಲ್ಲ, ಎಂಜಿನ್ನೇ ಎಲ್ಲ. 19 ಟನ್ ಕಡಲಹದ್ದು 200 ಮೀಟರ್ ಓಡಿ ತುದಿ ತಲುಪುವಾಗ ಡೆಕ್ ಮೇಲಿನ ಅದರ ವೇಗ ಗಂಟೆಗೆ ಸುಮಾರು 190 ಕಿ.ಮೀ. ಗಾಳಿ ಸೇರಿಸಿದರೂ ಅದು ಹಾರುವ ವೇಗವಲ್ಲ. ಆದರೆ 14 ಡಿಗ್ರಿ ಏರಿನಿಂದ ಸೆಕೆಂಡಿಗೆ 12-13 ಮೀಟರ್ ಮೇಲ್ಮುಖ ವೇಗ ಸಿಗುತ್ತದೆ. ಎಸೆದ ಕಲ್ಲಿನ ಹಾಗೆ ಮೇಲೆ ಹೋಗುತ್ತಲೇ ಬಾಕಿ ವೇಗ ಗಳಿಸಿಕೊಳ್ಳಬೇಕು. ಎಂಜಿನ್ ಬಲ ಸಾಲದಿದ್ದರೆ ಆ ಕಮಾನು ಸಮುದ್ರದಲ್ಲಿ ಮುಗಿಯುತ್ತದೆ. ಪರೀಕ್ಷೆ ಸುಲಭ: ಬಾಂಬ್ ಇಳಿಸಿ ಹಾರಿಸಿ. ಸರಾಗ ಹಾರಿದರೆ ದೋಷ ತೂಕದ್ದು. ಆಗಲೂ ಕುಸಿದರೆ ಎಂಜಿನ್ ಸಾಲದು, ಅಥವಾ ಹಡಗು ನಿಂತಲ್ಲೇ ನಿಂತಿದೆ. ನಗಬೇಡಿ. ನಾನು ಒಂದು ಇಡೀ ಭಾನುವಾರ ಲಂಗರು ಹಾಕಿದ ಹಡಗಿನಿಂದ ಹಾರಿಸುತ್ತಾ ಕೂತಿದ್ದೆ.

ಲಕ್ಷಣ: ಲಿಫ್ಟ್‌ನಲ್ಲಿ ಹಿಡಿಸುವುದಿಲ್ಲ

ಇದಕ್ಕೆ ಟೇಪು ಸಾಕು. ರೆಕ್ಕೆ ಮಡಚಿ, ಇಲ್ಲವೇ ಮಡಚುವ ಅಗತ್ಯವೇ ಬರದ ಹಾಗೆ ಚಿಕ್ಕದಿಡಿ. ಎ-4 ಸ್ಕೈಹಾಕ್‌ಗೆ ರೆಕ್ಕೆ ಅಗಲ ಎಂಟು ಮೀಟರ್ ಚಿಲ್ಲರೆ, ಕೀಲು ಇಲ್ಲ, ಅದರ ತೂಕವೂ ಇಲ್ಲ. ಭಾರತ 2025ರ ಏಪ್ರಿಲ್‌ನಲ್ಲಿ ಕೊಳ್ಳಲು ಒಪ್ಪಂದ ಮಾಡಿಕೊಂಡ 26 ರಫೇಲ್ ಮರೀನ್‌ಗಳಿಗೂ ರೆಕ್ಕೆ ಮಡಚುವುದಿಲ್ಲ. ಎತ್ತರವನ್ನೂ ಅಳೆಯಿರಿ. ಕೋರ್ಸೇರ್‌ನ ರೆಕ್ಕೆ ಮಡಚಿ ಮೇಲಕ್ಕೆತ್ತಿದರೆ ಬ್ರಿಟಿಷ್ ಹಡಗಿನ ಒಳಗಿನ ಸೂರಿಗೆ ತಾಗುತ್ತಿತ್ತು. ಅವರು ಎರಡೂ ತುದಿಯಲ್ಲಿ 20 ಸೆಂಟಿಮೀಟರ್ ಕತ್ತರಿಸಿ ಎಸೆದರು.

ಎಷ್ಟು ತಿದ್ದಿದರೂ ಸರಿಯಾಗದಿದ್ದರೆ

ರೆಕ್ಕೆ ದೊಡ್ಡದು ಮಾಡಿದೆ, ತೂಕ ಏರಿತು. ತೂಕಕ್ಕೆ ಗೇರ್ ಗಟ್ಟಿ ಮಾಡಿದೆ, ಇನ್ನೂ ಏರಿತು. ಎಂಜಿನ್ ದೊಡ್ಡದಾಯಿತು, ಇಂಧನ ಜಾಸ್ತಿ ಬೇಕಾಯಿತು, ಮತ್ತೆ ರೆಕ್ಕೆಗೆ ಬಂದೆ. ಗಾಣದೆತ್ತಿನ ಹಾಗೆ ಮೂರು ಸುತ್ತು ಬಂದಿದ್ದೀರಿ ಅಂದರೆ ತಿದ್ದುವುದನ್ನು ಬಿಡಿ. 1960ರ ದಶಕದಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ಮೆಕ್‌ನಮಾರಾ, ವಾಯುಪಡೆಗೂ ನೌಕಾಪಡೆಗೂ ಒಂದೇ ವಿಮಾನ ಸಾಕು ಅಂತ ಹಟ ಹಿಡಿದರು. ಎಫ್-111ಬಿ ಹುಟ್ಟಿತು. ತೂಕ ಇಳಿಸಲು ಏನೇನೋ ಮಾಡಿದರು. ಪೈಲಟ್ಟಿಗೆ ಮುಂದಿನದು ಕಾಣುತ್ತಿಲ್ಲ ಅಂತ ಕಾಕ್‌ಪಿಟ್‌ನ ಗಾಜನ್ನೂ ಬದಲಿಸಿದರು. 1968ರಲ್ಲಿ ಅದನ್ನು ಕೈಬಿಟ್ಟರು. ಅದರ ರೇಡಾರ್, ಫೀನಿಕ್ಸ್ ಕ್ಷಿಪಣಿ, ಎಂಜಿನ್ ಮೂರನ್ನೂ ತೆಗೆದು ಹಡಗಿಗೆಂದೇ ಹೊಸದಾಗಿ ಕಟ್ಟಿದ ಎಫ್-14ಕ್ಕೆ ಹಾಕಿದರು. ನೀವೂ ಒಳ್ಳೆಯ ಭಾಗಗಳನ್ನು ಬೇರೆ ಹಾಳೆಗೆ ಬರೆದುಕೊಂಡು ಹಳೆಯದನ್ನು ಮುಚ್ಚಿಡಿ.

ಕಡಲಹದ್ದಿನ ಈಗಿನ ಸ್ಥಿತಿ

ಮೂಗು ಬಾಗಿಸಿದೆ. ಸೀಟು ಸ್ವಲ್ಪ ಎತ್ತರಿಸಿದೆ. ಈಗ ಮೂಗಿನ ಮೇಲಿಂದ 16 ಡಿಗ್ರಿ ಕೆಳಕ್ಕೆ ಕಾಣುತ್ತದೆ. ಕೊಕ್ಕೆ ಮೊದಲು ಹೇಗಿತ್ತೋ ಹಾಗೇ ಇದೆ, ರೆಕ್ಕೆಯೂ ಅಷ್ಟೇ. ನಲವತ್ತು ಸಲ ಇಳಿಸಿದೆ, ಮೂವತ್ತಾರು ಸಲ ತಂತಿ ಸಿಕ್ಕಿತು. ಉಳಿದ ನಾಲ್ಕರಲ್ಲಿ ಎರಡು ರಾತ್ರಿ ಹನ್ನೆರಡರ ಮೇಲೆ ಇಳಿಸಿದ್ದು, ಅವು ನನ್ನ ನಿದ್ದೆಯ ಲೆಕ್ಕಕ್ಕೆ. ಇನ್ನೆರಡಕ್ಕೆ ಕಾರಣ ಹುಡುಕುತ್ತಿದ್ದೇನೆ. ರೀಪ್ಲೇಯಲ್ಲಿ ಎರಡೂ ಸಲ ಬಾಂಬ್ ಒಂದೇ ರೆಕ್ಕೆಯಲ್ಲಿ ಉಳಿದಿತ್ತು.

ಬಾಗಿದ ಮೂಗಿನಲ್ಲಿ 70 ಸೆಂಟಿಮೀಟರ್ ಆಂಟೆನಾ ಹಿಡಿಸಲಿಲ್ಲ, 60ಕ್ಕೆ ಇಳಿಸಿದೆ. ಆಂಟೆನಾದ ವಿಸ್ತೀರ್ಣ ಕಾಲುಭಾಗಕ್ಕಿಂತ ಜಾಸ್ತಿ ಕಡಿಮೆಯಾಯಿತು. ತೆಂಕಣದ ನೌಕಾಪಡೆ ಒಪ್ಪಿದೆ. ಅದೇ ವಿಮಾನವನ್ನು ನೆಲದಿಂದ ಹಾರಿಸಬೇಕಾದ ವಾಯುಪಡೆಯವರು ಇನ್ನೂ ಸಹಿ ಹಾಕಿಲ್ಲ.